ಮಗಳಿಗೆ ಒಂದು ಎಕರೆಯೋ, ಮೂರೋ? ಮೇಲ್ಮನವಿ ತೀರ್ಪುಗಳು ಬದಲಿಸಿದ ಲೆಕ್ಕ

ಹಾಸನದ ಒಂದು ಕುಟುಂಬಕ್ಕೆ ಒಂಬತ್ತು ಎಕರೆ ಪಿತ್ರಾರ್ಜಿತ ಜಮೀನಿದೆ ಎಂದುಕೊಳ್ಳಿ. ತಂದೆ 2001ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಇಬ್ಬರು ಗಂಡುಮಕ್ಕಳು, 1990ರಲ್ಲಿ ಮದುವೆಯಾದ ಒಬ್ಬ ಮಗಳು. ಪಾಲಿನ ದಾವೆ 2016ರಲ್ಲಿ ತೀರ್ಮಾನವಾಗಿದ್ದರೆ ಮಗಳಿಗೆ ಒಂದು ಎಕರೆ, 2021ರಲ್ಲಾಗಿದ್ದರೆ ಮೂರು. ಈ ಮಧ್ಯೆ ಪಿತ್ರಾರ್ಜಿತ ಆಸ್ತಿಯ ಪಾಲನ್ನು ಹೇಳುವ ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಸೆಕ್ಷನ್‌ನ ಒಂದಕ್ಷರವೂ ಬದಲಾಗಿಲ್ಲ.

ಹಳೆಯ ಲೆಕ್ಕದಲ್ಲಿ ಹುಟ್ಟಿನಿಂದ ಪಾಲು ಇದ್ದದ್ದು ತಂದೆಗೆ ಮತ್ತು ಗಂಡುಮಕ್ಕಳಿಗೆ, ತಲಾ ಮೂರು ಎಕರೆ. ಸತ್ತ ತಂದೆಯ ಮೂರು ಎಕರೆ ಮಾತ್ರ ಮೂವರು ಮಕ್ಕಳಿಗೂ ಹಂಚಿಕೆಯಾಗಿ ಮಗಳಿಗೆ ಒಂದು ಎಕರೆ ಬರುತ್ತಿತ್ತು. ಮಗಳೂ ಹುಟ್ಟಿನಿಂದಲೇ ಪಾಲುದಾರಳೆಂದರೆ ಮೂವರಿಗೂ ಸಮ.

ಹಳೇ ಮೈಸೂರಿಗೆ ಈ ಪ್ರಶ್ನೆ ಹೊಸದಲ್ಲ. 1933ರಲ್ಲೇ ಮೈಸೂರು ಸಂಸ್ಥಾನದ ಕಾಯ್ದೆ ಮದುವೆಯಾಗದ ಹೆಣ್ಣುಮಕ್ಕಳಿಗೆ ವಿಭಾಗದಲ್ಲಿ ಸಣ್ಣ ಪಾಲು ಕೊಟ್ಟಿತ್ತು. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಮಗಳಿಗೆ ಸಮಪಾಲು ಕೊಟ್ಟಿತು; ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನು ಅಳಿಸಿತು. ಆ ದಿನಕ್ಕೆ ತಂದೆ ಬದುಕಿರಬೇಕೇ ಎಂಬುದನ್ನು ಮಾತ್ರ ಬಿಡಿಸಿ ಹೇಳಲಿಲ್ಲ.

ಬದುಕಿರಲೇಬೇಕು ಎಂದು 2015ರಲ್ಲಿ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿತು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ, 2001ರಲ್ಲೇ ತಂದೆ ತೀರಿಕೊಂಡಿದ್ದರೂ, ಮತ್ತೊಂದು ಇಬ್ಬರ ಪೀಠ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಎರಡೂ ಕರ್ನಾಟಕದಿಂದಲೇ ಹೋದ ಪ್ರಕರಣಗಳು. ಸಮಬಲದ ಪೀಠಗಳು ಎರಡು ದಾರಿ ಹಿಡಿದಾಗ ಕೆಳಗಿನ ಕೋರ್ಟುಗಳಿಗೆ ನಿಲ್ಲಲು ನೆಲೆಯಿರಲಿಲ್ಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ ಗೊಂದಲ ಮುಗಿಸಿತು: ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಆ ದಿನ ಬದುಕಿರಬೇಕಿಲ್ಲ. ನ್ಯಾಯವಾದ ತೀರ್ಪು. ಅದು ಬರಲು ಹದಿನೈದು ವರ್ಷ ಹಿಡಿಯಿತು ಎಂಬುದೇ ಬೇಸರ.

ಅದೇ ತೀರ್ಪಿನ ಇನ್ನೊಂದು ಭಾಗ ಮಲೆನಾಡಿನ ಮನೆಗಳಿಗೆ ಹೆಚ್ಚು ತಟ್ಟುತ್ತದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಕ್ರಯ, ವಿಭಾಗಗಳಿಗೆ ಕಾಯ್ದೆಯ ರಕ್ಷಣೆಯಿದೆ. ಆದರೆ ವಿಭಾಗವೆಂದರೆ ನೋಂದಾಯಿತ ಪತ್ರ ಅಥವಾ ಕೋರ್ಟ್ ಡಿಕ್ರಿ (ತೀರ್ಪಿನ ಆದೇಶ). ಸಕಲೇಶಪುರ, ಮೂಡಿಗೆರೆ ಕಡೆ ಹಿರಿಯರ ಮುಂದೆ ಬಾಯಿಮಾತಿನಲ್ಲಿ ತೋಟ ಹಂಚಿಕೊಂಡವರು ಇಲ್ಲಿ ಎಡವುತ್ತಾರೆ. ಬರೀ ಸಾಕ್ಷಿಗಳ ಮಾತಿನ ಮೇಲೆ ಅಂಥ ವಿಭಾಗ ನಿಲ್ಲದು. ಬೇರೆ ಬೇರೆ ಪಹಣಿ, ಕಂದಾಯದಂಥ ಸರ್ಕಾರಿ ದಾಖಲೆಗಳ ಬಲ ಬೇಕು, ಅದೂ ಅಪರೂಪದ ಪ್ರಕರಣಗಳಲ್ಲಿ. ತಂದೆ ಸ್ವಂತ ದುಡಿಮೆಯಿಂದ ಕೊಂಡ ತೋಟಕ್ಕೆ ಹುಟ್ಟಿನಿಂದ ಪಾಲು ಎಂಬ ವಾದವೇ ಅನ್ವಯಿಸದು. ಉಯಿಲಿಲ್ಲದಿದ್ದರೆ ಅಲ್ಲಿ ಮಗಳಿಗೆ ಮಗನಷ್ಟೇ ಪಾಲು.

ದಾವೆ ಯಾವ ಹಂತದಲ್ಲಿದೆ ಎಂಬುದನ್ನು ಮೊದಲು ನೋಡಬೇಕು. ಪ್ರಾಥಮಿಕ ಡಿಕ್ರಿ ಪಾಲನ್ನು ಘೋಷಿಸುತ್ತದೆ ಅಷ್ಟೇ. ಜಮೀನನ್ನು ಅಳೆದು ಹಂಚುವ ಅಂತಿಮ ಡಿಕ್ರಿ ಆಗುವವರೆಗೆ ಮಗಳ ಪಾಲನ್ನು ಹೆಚ್ಚಿಸಿಕೊಡಲು ಕೇಳಬಹುದು. ಅಂತಿಮ ಡಿಕ್ರಿಯಾಗಿ ಮುಗಿದ ಪ್ರಕರಣವನ್ನು, ಸುಪ್ರೀಂ ಕೋರ್ಟ್ ನಿಲುವು ಬದಲಾಯಿತು ಎಂಬ ಒಂದೇ ಕಾರಣಕ್ಕೆ ಪುನರ್‌ಪರಿಶೀಲನೆಗೆ ತರಲಾಗದು. ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಅದನ್ನು ತಡೆಯುತ್ತದೆ. ಡಿಕ್ರಿಯ ವಿರುದ್ಧ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ಹೈಕೋರ್ಟಿಗೆ 90 ದಿನ.