ದೊಡ್ಡ ಕೂದ್ಲು, ಚಿಟ್ಟೆ, ತೇಪೆ ಕೋಟು: ಡಾಲಿ ಪಾರ್ಟನ್ ಎಲ್ಲರ ಚಿತ್ರ ಆಗಿದ್ದು ಹೇಗೆ

ಅಮೆರಿಕದ ಹಾಡುಗಾರ್ತಿ ಡಾಲಿ ಪಾರ್ಟನ್ ಚಿತ್ರ ಬರೆಯೋಕೆ ಕಣ್ಣು ಮೂಗು ಬಿಡಿಸಲೇಬೇಕು ಅಂತೇನಿಲ್ಲ. ಮೋಡದ ಥರ ಎತ್ತರಕ್ಕೆ ನಿಂತಿರೋ ಹೊಂಬಣ್ಣದ ಕೂದ್ಲು, ಒಂದು ಗಿಟಾರ್, ಪಕ್ಕದಲ್ಲೊಂದು ಚಿಟ್ಟೆ, ಇಷ್ಟಿದ್ರೆ ಸಾಕು, ನೋಡಿದವರಿಗೆ ಯಾರು ಅಂತ ಗೊತ್ತಾಗುತ್ತೆ. ಅಮೆರಿಕದ ಟೆನ್ನೆಸ್ಸೀ ರಾಜ್ಯದಲ್ಲಂತೂ ಗೋಡೆ ಮೇಲೆ, ಟೀ ಶರ್ಟ್ ಮೇಲೆ, ಮಕ್ಕಳ ಪುಸ್ತಕದಲ್ಲಿ, ಕೊನೆಗೆ ಮೇಣದಬತ್ತಿ ಗಾಜಿನ ಮೇಲೂ ಸಂತರಿಗೆ ಬರೆಯೋ ಹಾಗೆ ತಲೆ ಹಿಂದೆ ಪ್ರಭಾವಳಿ ಇಟ್ಟು ಬರೀತಾರೆ. ಡಾಲಿ ಹಾಡೋ ಕಂಟ್ರಿ ಮ್ಯೂಸಿಕ್‌ನಲ್ಲಿ, ಅಂದ್ರೆ ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಸಂಗೀತದಲ್ಲಿ, ದೊಡ್ಡ ದೊಡ್ಡ ಹಾಡುಗಾರರು ಬೇಕಾದಷ್ಟು ಜನ ಇದ್ದಾರೆ, ಆದ್ರೂ ಕುಂಚ ಹಿಡಿದವರೆಲ್ಲ ಇವರ ಹತ್ರಾನೇ ಯಾಕೆ ಬರ್ತಾರೆ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಕಂಟ್ರಿ ಸಂಗೀತಕ್ಕೂ ಚಿತ್ರಕ್ಕೂ ನಂಟು ಹಳೇದು. ಟೆನ್ನೆಸ್ಸೀ ರಾಜಧಾನಿ ನ್ಯಾಶ್‌ವಿಲ್‌ನಲ್ಲಿ 1879ರಲ್ಲಿ ಹ್ಯಾಚ್ ಅನ್ನೋ ಮನೆತನದ ಅಣ್ಣತಮ್ಮಂದಿರಿಬ್ರು ಒಂದು ಅಚ್ಚುಕೂಟ ಶುರು ಮಾಡಿದ್ರು. ಮರದ ಹಲಗೆ ಕೆತ್ತಿ, ಶಾಯಿ ಬಳಿದು, ಎರಡು ಮೂರು ಬಣ್ಣದಲ್ಲಿ ಪೋಸ್ಟರ್ ಒತ್ತೋರು. ಸರ್ಕಸ್, ನಾಟಕ, ಆಮೇಲೆ ಗ್ರ್ಯಾಂಡ್ ಓಲ್ ಆಪ್ರಿ ಅನ್ನೋ ಹೆಸರಾಂತ ಕಂಟ್ರಿ ರೇಡಿಯೋ ಕಾರ್ಯಕ್ರಮದ ಹಾಡುಗಾರರ ಶೋಗಳು, ಎಲ್ಲಾದಕ್ಕೂ ಅಲ್ಲಿಂದಾನೇ ಪೋಸ್ಟರ್. ಹ್ಯಾಚ್ ಶೋ ಪ್ರಿಂಟ್ ಈಗಲೂ ನಡೀತಿದೆ, ಅದೇ ಹಳೇ ಅಚ್ಚುಗಳನ್ನ ಈಗಲೂ ಬಳಸ್ತಾರೆ. ಇವತ್ತು ಕಂಪ್ಯೂಟರ್‌ನಲ್ಲಿ ಬರೆಯೋ ಎಷ್ಟೋ ಕಲಾವಿದರು ಬೇಕಂತಲೇ ಆ ದಪ್ಪ ಅಕ್ಷರ, ಸವೆದ ಶಾಯಿಯ ಲುಕ್ ತರ್ತಾರಲ್ಲ, ಅದರ ಮೂಲ ಇಂಥ ಅಚ್ಚುಕೂಟಗಳಲ್ಲೇ ಇದೆ.

ಇನ್ನು ಡಾಲಿ ವಿಷಯ. ಹುಟ್ಟಿದ್ದು 1946ರಲ್ಲಿ, ಟೆನ್ನೆಸ್ಸೀಯ ಸೆವಿಯರ್ ಕೌಂಟಿಯ ಬೆಟ್ಟಗಾಡಲ್ಲಿ, ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಕೊಡೋಕೆ ಅಪ್ಪನ ಹತ್ರ ದುಡ್ಡಿರಲಿಲ್ಲ, ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ರಂತೆ. ಒಂದ್ಸಲ ಚಳಿಗಾಲಕ್ಕೆ ಕೋಟಿಲ್ಲ ಅಂತ ಅಮ್ಮ ಯಾರೋ ಕೊಟ್ಟ ಬಣ್ಣಬಣ್ಣದ ಬಟ್ಟೆ ಚೂರುಗಳನ್ನೆಲ್ಲ ಜೋಡಿಸಿ, ನಮ್ಮ ಉತ್ತರ ಕರ್ನಾಟಕದ ಕಡೆ ಕೌದಿ ಹೊಲೀತಾರಲ್ಲ ಹಂಗೆ, ಮಗಳಿಗೊಂದು ಕೋಟು ಹೊಲಿದ್ರು, ಹೊಲೀತಾ ಹೊಲೀತಾ ಬೈಬಲ್‌ನ ಜೋಸೆಫ್ ಹಾಕ್ಕೊಂಡ ಬಣ್ಣದ ಅಂಗಿ ಕತೆ ಹೇಳಿದ್ರು. ಹುಡುಗಿ ರಾಜಕುಮಾರಿ ಥರ ಅದನ್ನ ಹಾಕ್ಕೊಂಡು ಸ್ಕೂಲಿಗೆ ಹೋದ್ರೆ ಎಲ್ರೂ ನಕ್ಕರು. ಆ ನೋವು ವರ್ಷಗಟ್ಟಲೆ ಒಳಗೇ ಇತ್ತು. 1969ರಲ್ಲಿ ಜೊತೆಗೆ ಹಾಡ್ತಿದ್ದ ಕಂಟ್ರಿ ಗಾಯಕ ಪೋರ್ಟರ್ ವ್ಯಾಗನರ್ ಜೊತೆ ಟೂರ್ ಬಸ್ಸಲ್ಲಿ ಹೋಗ್ತಿರುವಾಗ ಹಾಡು ಬಂತು, ಕೈಗೆ ಪೇಪರ್ ಸಿಗಲಿಲ್ಲ, ಪೋರ್ಟರ್‌ನ ಸೂಟು ಡ್ರೈ ಕ್ಲೀನಿಂಗ್‌ಗೆ ಕೊಟ್ಟಿದ್ದ ರಸೀದಿ ಹಿಂದೆ ಬರೆದ್ರು. ಪೋರ್ಟರ್‌ನ ಸೂಟು ಅಂದ್ರೆ ಸುಮ್ನೆ ಸೂಟಲ್ಲ, ಮೈತುಂಬ ಮಿನುಗೋ ಕಲ್ಲು, ಬಂಡಿಚಕ್ರದ ಕಸೂತಿ. ಅಂಥ ಸೂಟಿನ ರಸೀದಿ ಹಿಂದೆ ಚಿಂದಿ ಕೋಟಿನ ಹಾಡು! ನನಗೆ ಡಾಲಿಯ ಇಡೀ ಚಿತ್ರ ಈ ಒಂದು ಚೀಟಿಯಲ್ಲೇ ಇದೆ ಅನ್ಸುತ್ತೆ, ಒಂದು ಕಡೆ ಝಗಮಗ, ಇನ್ನೊಂದು ಕಡೆ ತೇಪೆ. ಹಾಡು 1971ರಲ್ಲಿ ಹೊರಗೆ ಬಂತು, ಹೆಸರು ಕೋಟ್ ಆಫ್ ಮೆನಿ ಕಲರ್ಸ್, ಅಂದ್ರೆ ಬಣ್ಣಬಣ್ಣದ ಕೋಟು.

ಇನ್ನೊಂದು ಮಾತು, ಕಲಾವಿದರಿಗಿಂತ ಮುಂಚೆ ಡಾಲಿ ಚಿತ್ರ ಬರೆದಿದ್ದು ಡಾಲಿನೇ. ಚಿಕ್ಕವಳಿದ್ದಾಗ ಊರಲ್ಲೊಬ್ಬ ಹೆಂಗಸು ಎತ್ತರದ ಕೂದಲು, ಕೆಂಪು ತುಟಿ, ಹೈ ಹೀಲ್ಸ್ ಹಾಕ್ಕೊಂಡು ಓಡಾಡ್ತಿದ್ಳಂತೆ, ಊರಿನವರೆಲ್ಲ ಅವಳನ್ನ ಕೆಟ್ಟವಳು ಅಂದ್ರೆ ಈ ಹುಡುಗಿಗೆ ಮಾತ್ರ ಅವಳಷ್ಟು ಚೆಂದ ಯಾರೂ ಇಲ್ಲ ಅನ್ಸಿತ್ತು, ದೊಡ್ಡವಳಾದ್ಮೇಲೆ ಅವಳ ಥರಾನೇ ಆಗ್ತೀನಿ ಅಂದ್ಕೊಂಡಿದ್ದೆ ಅಂತ ಡಾಲಿ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ವಿಗ್, ಉದ್ದ ಉಗುರು, ಸೊಂಟ, ಮಿನುಗು, ಯಾವುದೂ ಆಕಸ್ಮಿಕ ಅಲ್ಲ, ದಶಕಗಳ ಕಾಲ ಅದನ್ನ ಬಿಟ್ಟುಕೊಡಲೂ ಇಲ್ಲ. ಲಾಸ್ ಏಂಜಲೀಸ್ ಕಡೆ ಒಂದ್ಸಲ ಡಾಲಿ ಥರ ವೇಷ ಹಾಕೋ ಸ್ಪರ್ಧೆಗೆ ಗುಟ್ಟಾಗಿ ತಾವೇ ಹೋಗಿ ಸೋತಿದ್ದನ್ನೂ ಹೇಳ್ಕೊಂಡಿದ್ದಾರೆ. ಅಂದ್ರೆ ಆ ರೂಪ ಎಷ್ಟು ಗಟ್ಟಿ ಆಗಿತ್ತು ಅಂದ್ರೆ ಬೇರೆಯವರ ಮೈಮೇಲೂ ಅದು ಪೂರ್ತಿ ಡಾಲಿ ಥರಾನೇ ನಿಲ್ತಿತ್ತು. ಚಿಟ್ಟೆ ಬಂದಿದ್ದು ಅವರ 1974ರ ಲವ್ ಈಸ್ ಲೈಕ್ ಎ ಬಟರ್‌ಫ್ಲೈ ಹಾಡಿಂದ, ಈಗ ಅವರ ಥೀಮ್ ಪಾರ್ಕ್ ಡಾಲಿವುಡ್‌ನ ಲೋಗೋದಲ್ಲೂ ಅದೇ ಚಿಟ್ಟೆ ಇದೆ. 1985ರಲ್ಲಿ ಹೆಸರಾಂತ ಪಾಪ್ ಕಲಾವಿದ ಆ್ಯಂಡಿ ವಾರ್ಹಾಲ್ ಇವರ ಮುಖ ಬರೆದ್ರು, ಅಲ್ಲಿಗೆ ಗ್ಯಾಲರಿ ಬಾಗಿಲೂ ತೆರೀತು.

ಆದ್ರೆ ಜನರಿಗೆ ಇಷ್ಟು ಹತ್ರ ಆಗಿದ್ದು ಬರೀ ರೂಪದಿಂದ ಅಲ್ಲ. ಅಪ್ಪನಿಗೆ ಓದೋಕೆ ಬರೆಯೋಕೆ ಬರ್ತಿರಲಿಲ್ಲ, ಅದೇ ಕೊರಗಲ್ಲಿ ಡಾಲಿ 1995ರಲ್ಲಿ ಇಮ್ಯಾಜಿನೇಷನ್ ಲೈಬ್ರರಿ ಶುರು ಮಾಡಿದ್ರು, ಹುಟ್ಟಿದ ಮಗುವಿಗೆ ಐದು ವರ್ಷ ತುಂಬೋವರೆಗೂ ತಿಂಗಳಿಗೊಂದು ಚಿತ್ರಪುಸ್ತಕ ಪೋಸ್ಟಲ್ಲಿ ಮನೆಗೆ, ಫ್ರೀಯಾಗಿ. ಸ್ವಂತ ಕೌಂಟಿಯಲ್ಲಿ ಶುರುವಾಗಿದ್ದು ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಐರ್ಲೆಂಡ್‌ವರೆಗೂ ಹೋಯ್ತು. 2018ರಲ್ಲಿ, ಹಂಚಿದ್ದು ಹತ್ತು ಕೋಟಿ ಮುಟ್ಟಿದಾಗ, ಆ ಹತ್ತು ಕೋಟಿನೇ ಪುಸ್ತಕವನ್ನ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ರು, ಅದು ಆ ತೇಪೆ ಕೋಟಿನ ಕತೇನೇ, ಚಿತ್ರ ಬರೆದಿದ್ದು ಬ್ರೂಕ್ ಬಾಯ್ಟನ್ ಹ್ಯೂಸ್. ಆ ಹಾಡಿಗೆ ಅದಕ್ಕೂ ಮುಂಚೆ 1994ರಲ್ಲೇ ಬೇರೆ ಕಲಾವಿದೆಯ ಚಿತ್ರಗಳ ಪುಸ್ತಕ ಬಂದಿತ್ತು. ಒಂದೇ ಕೋಟನ್ನ ಎರಡು ಕೈ ಎರಡು ಥರ ಹೊಲಿದ ಹಾಗೆ.

2020 ಬಂತು. ಏಪ್ರಿಲಲ್ಲಿ ಕೊರೊನಾ ಸಂಶೋಧನೆಗೆ ಅಂತ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹತ್ತು ಲಕ್ಷ ಡಾಲರ್ ಕೊಟ್ರು, ನವೆಂಬರಲ್ಲಿ ಮಾಡರ್ನಾ ಲಸಿಕೆಯ ಪ್ರಬಂಧದಲ್ಲಿ ಡಾಲಿ ಹೆಸರಿನ ನಿಧಿ ಕಾಣಿಸ್ತು. ಈ ಮಧ್ಯೆ ಕಪ್ಪು ಜನರ ಮೇಲಿನ ದೌರ್ಜನ್ಯದ ವಿರುದ್ಧದ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಳವಳಿ ಪರವಾಗಿ ನೇರವಾಗಿ ಮಾತಾಡಿದ್ರು, ಕೂಡಲೇ ಈಸ್ಟ್ ನ್ಯಾಶ್‌ವಿಲ್‌ನ ಒಂದು ಗೋಡೆ ಮೇಲೆ ಕಿಮ್ ರಾಡ್‌ಫರ್ಡ್ ಹೂಗಳ ನಡುವೆ ಡಾಲೀನ ಬರೆದು ಆ ಮಾತನ್ನೂ ಬರೆದ್ರು. ಸಂತರ ಥರ ಬರೆಯೋರು ಯಾಕೆ ಹಂಗೆ ಬರೀತಾರೆ ಅಂತ ಆ ವರ್ಷ ನೋಡಿದವರಿಗೆ ಹೇಳಬೇಕಾಗಿಲ್ಲ.

ಈಗ ತಕರಾರಿನ ಭಾಗ. ಪ್ರೀತಿಯಿಂದ ಬರೆದ ಚಿತ್ರನ ಪ್ರಿಂಟ್ ಹಾಕಿ ಮಾರಬಹುದಾ? 1977ರಲ್ಲಿ ಎಲ್ವಿಸ್ ಪ್ರೆಸ್ಲಿ ತೀರ್ಕೊಂಡ ಮೇಲೆ ಅವರ ಮುಖ ಇಟ್ಕೊಂಡು ಸಾಮಾನು ಮಾರೋದೇ ದೊಡ್ಡ ಬಿಸಿನೆಸ್ ಆಯ್ತು, ಕೋರ್ಟು ಕಚೇರಿ ಎಲ್ಲ ಆಗಿ 1984ರಲ್ಲಿ ಟೆನ್ನೆಸ್ಸೀ ಒಂದು ಕಾನೂನು ತಂತು: ಹೆಸರು, ಮುಖ, ಹೋಲಿಕೆ ಇವೂ ಆಸ್ತಿ, ಸತ್ತ ಮೇಲೆ ವಾರಸುದಾರರಿಗೆ ಹೋಗುತ್ತೆ. 2024ರಲ್ಲಿ ಎಐ ಭಯಕ್ಕೆ ಅದಕ್ಕೆ ಧ್ವನಿಯನ್ನೂ ಸೇರಿಸಿದ್ರು. ಕ್ಯಾಲಿಫೋರ್ನಿಯಾದಲ್ಲಿ 2001ರಲ್ಲಿ ಒಬ್ಬ ಕಲಾವಿದ ಥ್ರೀ ಸ್ಟೂಜಸ್ ಅನ್ನೋ ಹಳೇ ಹಾಸ್ಯನಟರ ಮೂವರನ್ನ ಇದ್ದಿಲಲ್ಲಿ ಇದ್ದ ಹಾಗೇ ಬರೆದು ಟೀ ಶರ್ಟ್ ಮೇಲೆ ಮಾರಿ ಕೇಸ್ ಸೋತ, ಆಗ ಆ ರಾಜ್ಯದ ಸುಪ್ರೀಂ ಕೋರ್ಟು ಹೇಳಿದ್ದು, ಬರೀ ಹೋಲಿಕೆ ಸಾಲದು, ಕಲಾವಿದನ ಸ್ವಂತದ್ದೇನಾದ್ರೂ ಇರ್ಬೇಕು, ವಾರ್ಹಾಲ್ ಬರೆದಂಥವು ಬೇರೆ ಅಂತ. ಆದ್ರೆ 2023ರಲ್ಲಿ ಇಡೀ ಅಮೆರಿಕದ ಸುಪ್ರೀಂ ಕೋರ್ಟು ಒಂದು ಕಾಪಿರೈಟ್ ಕೇಸಲ್ಲಿ, ಗಾಯಕ ಪ್ರಿನ್ಸ್‌ನ ಫೋಟೋ ನೋಡಿ ಅದೇ ವಾರ್ಹಾಲ್ ಮಾಡಿದ ಚಿತ್ರ ಪತ್ರಿಕೆಗೆ ಲೈಸೆನ್ಸ್ ಕೊಟ್ಟ ವಿಷಯದಲ್ಲಿ ಫೋಟೋ ತೆಗೆದವರ ಪರ ನಿಂತ್ಕೊಳ್ತು. ಹಾಗಾಗಿ ಬರೆಯೋರಿಗೆ ಎರಡು ಬೇಲಿ, ಒಂದು ಮುಖದ್ದು, ಇನ್ನೊಂದು ಫೋಟೋದ್ದು. ಫೋಟೋ ಟ್ರೇಸ್ ಮಾಡೋದು ಬಿಟ್ಟು ಕೂದ್ಲು, ಚಿಟ್ಟೆ, ತೇಪೆ ಇಟ್ಕೊಂಡು ತಮ್ಮದೇ ಕಲ್ಪನೆಯಲ್ಲಿ ಬರೆಯೋರ ಚಿತ್ರಾನೇ ನನಗೂ ಹೆಚ್ಚು ಹಿಡಿಸುತ್ತೆ, ಕಾನೂನಿನ ಕಾರಣಕ್ಕಲ್ಲ, ಅದರಲ್ಲಿ ಬರೆದವರೂ ಕಾಣ್ತಾರೆ ಅಂತ.

2021ರಲ್ಲಿ ಟೆನ್ನೆಸ್ಸೀ ಶಾಸಕರು ರಾಜಧಾನಿಯಲ್ಲಿ ಡಾಲಿ ಪ್ರತಿಮೆ ನಿಲ್ಲಿಸೋಣ ಅಂತ ಮಸೂದೆ ತಂದಾಗ ಡಾಲಿನೇ ಬೇಡ, ಇಂಥ ಹೊತ್ತಲ್ಲಿ ನನ್ನನ್ನ ಪೀಠದ ಮೇಲೆ ಕೂರಿಸಬೇಡಿ ಅಂತ ಕೇಳ್ಕೊಂಡ್ರು. ಹುಟ್ಟೂರ ಕಡೆ ಸೆವಿಯರ್‌ವಿಲ್‌ನ ಕೋರ್ಟ್ ಮುಂದೆ 1987ರಿಂದ ಒಂದು ಕಂಚಿನ ಪ್ರತಿಮೆ ಇದ್ದೇ ಇದೆ, ಬರಿಗಾಲಲ್ಲಿ ಗಿಟಾರ್ ಹಿಡಿದು ಕೂತಿರೋ ಹುಡುಗಿ. ಅವರಪ್ಪ ಬದುಕಿರೋವರೆಗೂ ಟ್ರಕ್ಕಲ್ಲಿ ಒಂದು ಬಕೆಟ್ ಸೋಪು ನೀರು ಇಟ್ಕೊಂಡು ರಾತ್ರಿ ಹೊತ್ತು ಅಲ್ಲಿಗೆ ಹೋಗಿ, ಮಗಳ ಮೇಲೆ ಪಾರಿವಾಳ ಮಾಡಿದ ಗಲೀಜನ್ನ ತಾವೇ ಉಜ್ಜಿ ತೊಳೆದು ಬರ್ತಿದ್ರಂತೆ.