ವಿದೇಶದ ಎಟಿಎಂ ಕೇಳುವ ಆ ಒಂದು ಪ್ರಶ್ನೆಗೆ ‘ಬೇಡ’ ಎನ್ನಿ

ಪ್ರಶ್ನೆ: ವಿದೇಶ ಪ್ರವಾಸದಲ್ಲಿ ಎಟಿಎಂನಿಂದ ಹಣ ತೆಗೆದರೆ ಸಿಕ್ಕಾಪಟ್ಟೆ ಶುಲ್ಕ ಕತ್ತರಿಸುತ್ತಾರೆ. ತಪ್ಪಿಸುವುದು ಹೇಗೆ? ಯಂತ್ರವೇ ನಮ್ಮ ದೇಶದ ಕರೆನ್ಸಿಯಲ್ಲಿ ಲೆಕ್ಕ ತೋರಿಸಿದಾಗ ಅದನ್ನು ಒಪ್ಪಿಕೊಂಡರೆ ಉಳಿತಾಯ ಆಗುತ್ತದಲ್ಲವೇ?

ಉತ್ತರ: ಇಲ್ಲ, ಆಗುವುದಿಲ್ಲ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡಲು ಕಾರಣವಿದೆ. ರಜೆ ಹತ್ತಿರ ಬಂತೆಂದರೆ ಈ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತದೆ, ಕೇಳುವವರಲ್ಲಿ ಅರ್ಧದಷ್ಟು ಜನ ಉತ್ತರ ‘ಹೌದು’ ಎಂದೇ ನಂಬಿಕೊಂಡು ಕೇಳುತ್ತಾರೆ. ಹಾಗಾಗಿ ಈ ಸಲ ಬೇರು ಸಮೇತ ಕಿತ್ತು ನೋಡೋಣ.

ವಿದೇಶದಲ್ಲಿ ಒಮ್ಮೆ ಹಣ ತೆಗೆದರೆ ನಾಲ್ಕು ಕಡೆ ಕತ್ತರಿ ಬೀಳಬಹುದು. ಯಂತ್ರದ ಮಾಲೀಕರು ಹಿಡಿಯುವ ಬಳಕೆ ಶುಲ್ಕ ಒಂದು. ನಿಮ್ಮ ಬ್ಯಾಂಕ್ ಪ್ರತಿ ಸಲಕ್ಕೆ ಇಷ್ಟು ಎಂದು ಹಾಕುವ ನಿಗದಿ ಶುಲ್ಕ ಇನ್ನೊಂದು. ಅದೇ ಬ್ಯಾಂಕ್ ವಿನಿಮಯ ದರದ ಮೇಲೆ ಸೇರಿಸುವ ಮಾರ್ಕಪ್ ಮೂರನೆಯದು. ಕೆಲವು ಕಾರ್ಡ್‌ಗಳಿಗೆ ಇದು ಸೊನ್ನೆ, ಹಲವಕ್ಕೆ ಶೇ 2ರಿಂದ 3.5. ನಾಲ್ಕನೆಯದು ಯಂತ್ರವೇ ಮುಂದೆ ಬಂದು ಮಾಡಿಕೊಡುವ ಕರೆನ್ಸಿ ಪರಿವರ್ತನೆ. ಜನ ತಮ್ಮ ಬ್ಯಾಂಕನ್ನು ಬೈಯುತ್ತಾ ಕೂರುತ್ತಾರೆ, ಆದರೆ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡ ತುಂಡು ಹೋಗುವುದು ಈ ನಾಲ್ಕನೆಯದಕ್ಕೆ. ನಾಲ್ಕರಲ್ಲಿ ಒಂದು ಗುಂಡಿ ಒತ್ತಿ ಪೂರ್ತಿ ತಪ್ಪಿಸಬಹುದಾದದ್ದೂ ಇದೊಂದೇ.

ಇದರ ಹೆಸರು ಡೈನಮಿಕ್ ಕರೆನ್ಸಿ ಕನ್ವರ್ಷನ್, ಚಿಕ್ಕದಾಗಿ ಡಿಸಿಸಿ. ನೀವು 200 ಯೂರೋ ಕೇಳುತ್ತೀರಿ. ಕಾರ್ಡ್ ಯಾವ ದೇಶದ್ದು ಎಂಬುದು ಅದರ ಮೊದಲ ಅಂಕಿಗಳಿಂದಲೇ ಯಂತ್ರಕ್ಕೆ ತಿಳಿಯುತ್ತದೆ. ‘ನಿಮ್ಮ ಖಾತೆಯಿಂದ ನಿಮ್ಮ ಕರೆನ್ಸಿಯಲ್ಲಿ ಇಷ್ಟು ಕಳೆಯುತ್ತೇವೆ, ದರ ಖಚಿತ, ಒಪ್ಪಿಗೆಯೇ?’ ಎಂದು ಪರದೆ ಕೇಳುತ್ತದೆ. ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ ಎನ್ನುತ್ತಾರಲ್ಲ, ಈ ಯಂತ್ರ ಕೇಳಿಯೇ ಅರೆಯುತ್ತದೆ. ನಿಮ್ಮ ಒಪ್ಪಿಗೆಯಿಲ್ಲದೆ ಪರಿವರ್ತನೆ ಮಾಡಬಾರದು ಎಂಬುದು ವೀಸಾ, ಮಾಸ್ಟರ್‌ಕಾರ್ಡ್ ಎರಡರದೂ ನಿಯಮ.

ನೀವು ಒಪ್ಪದಿದ್ದರೆ ಏನಾಗುತ್ತದೆ? 200 ಯೂರೋ ಎಂಬ ಲೆಕ್ಕ ಯೂರೋದಲ್ಲೇ ಕಾರ್ಡ್ ಜಾಲಕ್ಕೆ ಹೋಗುತ್ತದೆ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ತನ್ನ ಆ ದಿನದ ದರದಲ್ಲಿ ಅದನ್ನು ಪರಿವರ್ತಿಸುತ್ತದೆ. ಈ ದರ ಬ್ಯಾಂಕುಗಳು ತಮ್ಮತಮ್ಮಲ್ಲಿ ವಹಿವಾಟು ಮಾಡುವ ಸಗಟು ದರಕ್ಕೆ ತೀರಾ ಹತ್ತಿರ ಇರುತ್ತದೆ. ಅದರ ಮೇಲೆ ನಿಮ್ಮ ಬ್ಯಾಂಕಿನ ಮಾರ್ಕಪ್ ಕೂರುತ್ತದೆ, ಅಷ್ಟೇ. ಒಪ್ಪಿಕೊಂಡರೆ ದರ ನಿರ್ಧರಿಸುವುದು ಯಂತ್ರ ನಡೆಸುವ ಕಂಪನಿ ಮತ್ತು ಅದರ ಪಾಲುದಾರ. ಅವರು ಎಷ್ಟು ಬೇಕಾದರೂ ಸೇರಿಸಬಹುದು. ಪ್ರವಾಸಿಗರು ಓಡಾಡುವ ಜಾಗದ ಯಂತ್ರಗಳಲ್ಲಿ ಶೇ 10 ದಾಟುವುದು ಅಪರೂಪವೇನಲ್ಲ.

‘ಹಾಗಾದರೂ ಬ್ಯಾಂಕಿನ ಮಾರ್ಕಪ್ ತಪ್ಪಿತಲ್ಲ’ ಎಂಬುದು ಮುಂದಿನ ವಾದ. ತಪ್ಪಿದರೂ ಶೇ 3 ಉಳಿಸಲು ಶೇ 10 ಕೊಟ್ಟಂತಾಯಿತು. ತಪ್ಪುತ್ತದೆ ಎಂಬ ಖಾತರಿಯೂ ಇಲ್ಲ. ಅನೇಕ ಬ್ಯಾಂಕುಗಳ ದರಪಟ್ಟಿಯಲ್ಲಿ ಶುಲ್ಕ ಬೀಳುವುದು ಕರೆನ್ಸಿ ಬದಲಾಗಿದ್ದಕ್ಕಲ್ಲ, ವಹಿವಾಟು ವಿದೇಶದ ಯಂತ್ರದಲ್ಲಿ ನಡೆದಿದ್ದಕ್ಕೆ. ಲೆಕ್ಕ ನಿಮ್ಮದೇ ಕರೆನ್ಸಿಯಲ್ಲಿ ಬಂದಿದ್ದರೂ ಆ ಶೇ 3 ಬಿದ್ದೇ ಬೀಳುತ್ತದೆ, ಗಾಯದ ಮೇಲೆ ಬರೆ ಎಳೆದ ಹಾಗೆ. ಲೆಕ್ಕ ಹಾಕಿ ನೋಡಿ. ಡಿಸಿಸಿ ಬೇಡ ಎಂದವರ ಖಾತೆಯಿಂದ 200 ಯೂರೋಗೆ ಹೋಗುವುದು ಸುಮಾರು 206 ಯೂರೋದಷ್ಟು ಹಣ. ಶೇ 10ರ ಡಿಸಿಸಿ ಒಪ್ಪಿದವರಿಗೆ 220. ಅದರ ಮೇಲೂ ಬ್ಯಾಂಕ್ ಶೇ 3 ಹಾಕಿತೋ, 226.60. ಯಂತ್ರ ಅದೇ, ನೋಟೂ ಅದೇ.

‘ಎಷ್ಟು ಹೋಗುತ್ತದೆ ಎಂದು ಅಲ್ಲೇ ಗೊತ್ತಾಗುತ್ತದಲ್ಲ’ ಎನ್ನುವವರಿದ್ದಾರೆ. ಗೊತ್ತಾಗುತ್ತದೆ, ನಿಜ. ದುಬಾರಿ ಎಂದು ಗೊತ್ತಾದ ಮಾತ್ರಕ್ಕೆ ಅಗ್ಗ ಆಗುವುದಿಲ್ಲ. ಮೊತ್ತ ಮೊದಲೇ ತಿಳಿಯಬೇಕೆಂದರೆ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಜಾಲತಾಣಗಳಲ್ಲಿ ದರದ ಕ್ಯಾಲ್ಕುಲೇಟರ್ ಇದೆ. ದಿನಾಂಕ, ಎರಡು ಕರೆನ್ಸಿ, ನಿಮ್ಮ ಬ್ಯಾಂಕಿನ ಶೇಕಡಾ ಶುಲ್ಕ ತುಂಬಿದರೆ ಉತ್ತರ ಸಿಗುತ್ತದೆ. ಯಂತ್ರದ ಪರದೆ ತೋರಿಸುವ ಮೊತ್ತದ ಪಕ್ಕ ಅದನ್ನಿಟ್ಟು ನೋಡಿ, ಮತ್ತೆ ಯಾರೂ ವಾದ ಮಾಡಿ ಒಪ್ಪಿಸಬೇಕಾಗುವುದಿಲ್ಲ. ‘ಕಮಿಷನ್ 0’ ಎಂದು ಪರದೆಯಲ್ಲಿ ಬರೆದಿರುವುದೂ ಸುಳ್ಳಲ್ಲ. ಲಾಭವೆಲ್ಲ ದರದೊಳಗೇ ಕೂತಿರುವಾಗ ಕಮಿಷನ್ ಯಾಕೆ ಬೇಕು? ಕಿವಿಗೆ ಹೂ ಇಡುವುದೆಂದರೆ ಇದೇ.

ಕೊನೆಯದು ಭಯ. ‘ಬೇಡ’ ಎಂದರೆ ಹಣವೇ ಬರುವುದಿಲ್ಲವೇನೋ ಎಂಬ ಭಯ. ಪರದೆಯನ್ನು ಹಾಗೆ ಅನ್ನಿಸಲೆಂದೇ ಮಾಡಿರುತ್ತಾರೆ. ಒಪ್ಪಿಗೆಯ ಗುಂಡಿ ದೊಡ್ಡದು, ಹಸಿರು. ನಿರಾಕರಣೆಯದು ಮೂಲೆಯಲ್ಲಿ, ಬೂದು ಅಥವಾ ಕೆಂಪು. ಒತ್ತಿದ ಮೇಲೆ ‘ಖಚಿತವೇ? ದರ ಬದಲಾಗಬಹುದು’ ಎಂದು ಇನ್ನೊಮ್ಮೆ ಹೆದರಿಸುವುದೂ ಉಂಟು. ಧೈರ್ಯವಾಗಿ ಮತ್ತೆ ಬೇಡ ಎನ್ನಿ. ನೀವು ನಿರಾಕರಿಸುತ್ತಿರುವುದು ಪರಿವರ್ತನೆಯನ್ನು, ಹಣ ತೆಗೆಯುವುದನ್ನಲ್ಲ. ‘ಡಿಕ್ಲೈನ್ ಕನ್ವರ್ಷನ್’, ‘ವಿದೌಟ್ ಕನ್ವರ್ಷನ್’, ಅಥವಾ ಸ್ಥಳೀಯ ಕರೆನ್ಸಿಯ ಹೆಸರು, ಇವುಗಳಲ್ಲಿ ಯಾವುದಿದೆಯೋ ಅದನ್ನು ಒತ್ತಬೇಕು. ನೋಟು ಎಂದಿನಂತೆ ಹೊರಬರುತ್ತದೆ. ಎಲ್ಲೋ ಒಂದು ಹಟಮಾರಿ ಯಂತ್ರ ಕಾರ್ಡನ್ನು ವಾಪಸ್ ಕೊಟ್ಟುಬಿಟ್ಟರೆ ತೆಗೆದುಕೊಂಡು ಬ್ಯಾಂಕಿನ ಶಾಖೆಗೆ ಅಂಟಿಕೊಂಡಿರುವ ಯಂತ್ರಕ್ಕೆ ಹೋಗಿ. ಐರೋಪ್ಯ ಒಕ್ಕೂಟದೊಳಗಿನ ಕಾರ್ಡ್‌ಗಳಿಗಾದರೂ ಈ ಆಟ ಅಷ್ಟು ಸುಲಭವಲ್ಲ. ಐರೋಪ್ಯ ಕೇಂದ್ರೀಯ ಬ್ಯಾಂಕಿನ ದರಕ್ಕಿಂತ ಶೇಕಡಾ ಎಷ್ಟು ಹೆಚ್ಚು ಎಂಬುದನ್ನು ಪಾವತಿಗೆ ಮೊದಲೇ ತೋರಿಸಬೇಕು ಎಂಬ ನಿಯಮ 2020ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹೊರಗಿನ ಕಾರ್ಡ್ ಹಿಡಿದು ಹೋಗುವವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಬೇಕು.

ಅಂಗಡಿ, ಹೋಟೆಲಿನ ಕಾರ್ಡ್ ಯಂತ್ರದಲ್ಲೂ ಇದೇ ನಾಟಕ ನಡೆಯುತ್ತದೆ. ಅಲ್ಲಿ ಸಿಬ್ಬಂದಿಯೇ ನಿಮ್ಮ ಪರವಾಗಿ ಗುಂಡಿ ಒತ್ತಿಬಿಡುವ ಸಾಧ್ಯತೆ ಇದೆ. ಪಿನ್ ಹಾಕುವ ಮೊದಲು ಯಾವ ಕರೆನ್ಸಿ ಎಂದು ಕಣ್ಣು ಹಾಯಿಸಿ.

ಇನ್ನುಳಿದ ಮೂರು ಶುಲ್ಕಗಳು. ಯಂತ್ರದ ಬಳಕೆ ಶುಲ್ಕ ಬಹುತೇಕ ಕಡೆ ಮೊತ್ತ ಎಷ್ಟಾದರೂ ಒಂದೇ. ಥಾಯ್ಲೆಂಡಿನಲ್ಲಿ ವಿದೇಶಿ ಕಾರ್ಡಿಗೆ ಒಂದು ಸಲಕ್ಕೆ 220 ಬಾತ್ ಹಿಡಿಯುವುದು ಬಹಳ ಕಾಲ ರೂಢಿಯಲ್ಲಿತ್ತು. 1,000 ಬಾತ್ ತೆಗೆದವರಿಗೆ ಅದು ಶೇ 22, ಮೂಗಿಗಿಂತ ಮೂಗುತಿ ಭಾರ. 20,000 ಬಾತ್ ತೆಗೆದವರಿಗೆ ಶೇ 1.1. ಅಂದರೆ ದಿನಕ್ಕೊಮ್ಮೆ ಚಿಲ್ಲರೆ ಚಿಲ್ಲರೆಯಾಗಿ ತೆಗೆಯಬೇಡಿ, ನಾಲ್ಕೈದು ದಿನಕ್ಕೆ ಬೇಕಾದದ್ದನ್ನು ಒಟ್ಟಿಗೆ ತೆಗೆಯಿರಿ. ಹಾಗೆಂದು ಪರದೆ ತಾನಾಗಿ ಸೂಚಿಸುವ ದೊಡ್ಡ ಮೊತ್ತವನ್ನು ಕಣ್ಣುಮುಚ್ಚಿ ಆರಿಸಬೇಡಿ, ‘ಅದರ್ ಅಮೌಂಟ್’ಗೆ ಹೋಗಿ ನಿಮ್ಮ ಲೆಕ್ಕ ನೀವೇ ಹಾಕಿ. 200 ಯೂರೋ ಬದಲು 190 ಯೂರೋ ಕೇಳಿದರೆ ಸಣ್ಣ ನೋಟುಗಳೂ ಸಿಗುತ್ತವೆ. ಶುಲ್ಕವನ್ನು ಯಂತ್ರ ಮೊದಲೇ ತೋರಿಸಿದರೆ, ಆಗ ಕ್ಯಾನ್ಸಲ್ ಒತ್ತಿ ಹೊರಬಂದರೆ ಏನೂ ಕತ್ತರಿಸುವುದಿಲ್ಲ. ಪಕ್ಕದ ಬೀದಿಯ ಬ್ಯಾಂಕಿನಲ್ಲಿ ಕಡಿಮೆ ಇರಬಹುದು. ಜಪಾನಿನಲ್ಲಿ ತೊಂದರೆ ಬೇರೆ. ಅಲ್ಲಿನ ಎಷ್ಟೋ ಎಟಿಎಂಗಳಿಗೆ ಹೊರಗಿನ ಕಾರ್ಡ್ ಆಗುವುದೇ ಇಲ್ಲ. ಸೆವೆನ್ ಬ್ಯಾಂಕ್ ಮತ್ತು ಅಂಚೆ ಕಚೇರಿಯ ಯಂತ್ರಗಳಲ್ಲಿ ಆಗುತ್ತದೆ.

ಬ್ಯಾಂಕಿನ ನಿಗದಿ ಶುಲ್ಕ ಮತ್ತು ಮಾರ್ಕಪ್ ಎರಡೂ ತೀರ್ಮಾನವಾಗುವುದು ನೀವು ವಿಮಾನ ಹತ್ತುವ ಮೊದಲೇ. ನಿಮ್ಮ ಕಾರ್ಡಿನ ದರಪಟ್ಟಿಯಲ್ಲಿ ವಿದೇಶಿ ಎಟಿಎಂ, ವಿದೇಶಿ ಕರೆನ್ಸಿ ಎಂಬ ಎರಡು ಸಾಲು ಹುಡುಕಿ. ಕೆಲವು ಖಾತೆಗಳಲ್ಲಿ ಎರಡೂ ಸೊನ್ನೆ, ತಿಂಗಳಿಗೆ ಇಷ್ಟರವರೆಗೆ ಎಂಬ ಮಿತಿ ಇರುತ್ತದೆ. ಕೆಲವು ಬ್ಯಾಂಕುಗಳು ಬೇರೆ ದೇಶದ ಬ್ಯಾಂಕುಗಳ ಜೊತೆ ಒಪ್ಪಂದ ಮಾಡಿಕೊಂಡಿರುತ್ತವೆ, ಅಲ್ಲಿ ಬಳಕೆ ಶುಲ್ಕ ಬೀಳುವುದಿಲ್ಲ. ಬ್ಯಾಲೆನ್ಸ್ ನೋಡುವುದಕ್ಕೂ ಶುಲ್ಕ ಇರುವ ಖಾತೆಗಳುಂಟು, ಅದನ್ನು ಮೊಬೈಲಿನಲ್ಲೇ ನೋಡಿಕೊಳ್ಳಿ. ಅಂತರರಾಷ್ಟ್ರೀಯ ಬಳಕೆಗೆ ಕಾರ್ಡ್ ತೆರೆದಿದೆಯೇ, ದಿನದ ಮಿತಿ ಎಷ್ಟು ಎಂಬುದನ್ನೂ ಹೊರಡುವ ಮೊದಲೇ ಆ್ಯಪ್‌ನಲ್ಲಿ ಸರಿಪಡಿಸಿ. ಕ್ರೆಡಿಟ್ ಕಾರ್ಡಿನಿಂದ ನಗದು ಮಾತ್ರ ತೆಗೆಯಬೇಡಿ. ವಸ್ತು ಕೊಂಡರೆ ಸಿಗುವ ಬಡ್ಡಿರಹಿತ ಅವಧಿ ನಗದಿಗೆ ಸಾಮಾನ್ಯವಾಗಿ ಇರುವುದಿಲ್ಲ, ಅಂದಿನಿಂದಲೇ ಬಡ್ಡಿ, ಮೇಲೆ ನಗದು ಶುಲ್ಕ. ಯಂತ್ರ ‘ಚೆಕ್ಕಿಂಗ್, ಸೇವಿಂಗ್ಸ್, ಕ್ರೆಡಿಟ್’ ಎಂದು ಕೇಳಿದರೆ ಡೆಬಿಟ್ ಕಾರ್ಡಿನವರು ಮೊದಲೆರಡರಲ್ಲಿ ಒಂದನ್ನು ಒತ್ತಬೇಕು. ಪ್ರಿಪೇಯ್ಡ್ ಪ್ರವಾಸಿ ಕಾರ್ಡ್‌ನಲ್ಲಿ ಡಾಲರ್ ತುಂಬಿಕೊಂಡು ಹೋಗಿ ಯೂರೋ ತೆಗೆದರೆ ಕರೆನ್ಸಿ ದಾಟುವ ಶುಲ್ಕ ಬೀಳುತ್ತದೆ, ಹೋಗುವ ದೇಶದ ಕರೆನ್ಸಿಯನ್ನೇ ತುಂಬಿ.

ಯಾರೂ ಕೇಳದಿದ್ದರೂ ಇದೊಂದನ್ನು ಹೇಳಿಬಿಡಬೇಕು, ಯಾಕೆಂದರೆ ‘ಬ್ಯಾಂಕ್ ಗುಟ್ಟಾಗಿ ಹೆಚ್ಚು ಕತ್ತರಿಸಿತು’ ಎಂಬ ದೂರುಗಳಲ್ಲಿ ಎಷ್ಟೋ ಇದರಿಂದ ಹುಟ್ಟಿದವು. ಹಣ ತೆಗೆದ ಕ್ಷಣ ಮೊಬೈಲಿಗೆ ಬರುವ ಸಂದೇಶದ ಮೊತ್ತವೇ ಬೇರೆ, ಎರಡು ದಿನ ಬಿಟ್ಟು ಸ್ಟೇಟ್‌ಮೆಂಟಿನಲ್ಲಿ ಕಾಣುವ ಮೊತ್ತವೇ ಬೇರೆ ಆಗಿರಬಹುದು. ಮೊದಲನೆಯದು ಆ ಕ್ಷಣದ ದರದಲ್ಲಿ ತಡೆಹಿಡಿದ ಹಣ. ವಹಿವಾಟು ಕಾರ್ಡ್ ಜಾಲದಲ್ಲಿ ಅಂತಿಮವಾಗಿ ಇತ್ಯರ್ಥವಾಗುವ ದಿನದ ದರ ಅನ್ವಯಿಸಿದಾಗ ಅದು ಸ್ವಲ್ಪ ಏರಬಹುದು, ಇಳಿಯಲೂಬಹುದು. ವಾರಾಂತ್ಯದಲ್ಲಿ ತೆಗೆದರೆ ಇನ್ನೂ ತಡ. ಬ್ಯಾಂಕಿನ ಶುಲ್ಕ ಬೇರೆಯೇ ಸಾಲಾಗಿ ಬರಬಹುದು. ಹಾಗಾಗಿ ಸಂದೇಶ ನೋಡಿ ಜಗಳಕ್ಕೆ ಹೋಗಬೇಡಿ, ಅಂತಿಮ ಸಾಲು ಬರುವವರೆಗೆ ಕಾಯಿರಿ.

ಕಾಯುವಾಗ ರಸೀದಿ ಜೋಪಾನ. ಅದರಲ್ಲಿ ಎರಡು ಕರೆನ್ಸಿ ಮತ್ತು ಒಂದು ವಿನಿಮಯ ದರ ಅಚ್ಚಾಗಿದ್ದರೆ ಡಿಸಿಸಿ ನಡೆದಿದೆ ಎಂದರ್ಥ. ನೀವು ಬೇಡ ಎಂದಿದ್ದರೂ ಅಥವಾ ನಿಮ್ಮನ್ನು ಕೇಳದೆಯೇ ಅದು ನಡೆದಿದ್ದರೆ, ರಸೀದಿಯ ಪ್ರತಿ ಲಗತ್ತಿಸಿ ‘ಒಪ್ಪಿಗೆಯಿಲ್ಲದ ಕರೆನ್ಸಿ ಪರಿವರ್ತನೆ’ ಎಂದು ನಿಮ್ಮ ಬ್ಯಾಂಕಿಗೆ ಲಿಖಿತ ದೂರು ಕೊಡಿ; ಕಾರ್ಡ್ ಜಾಲದ ನಿಯಮದಲ್ಲಿ ಅದಕ್ಕೆ ದಾರಿ ಇದೆ. ಹಸಿರು ಗುಂಡಿ ನೀವೇ ಒತ್ತಿದ್ದರೆ ಆ ದಾರಿ ಇಲ್ಲ.