ಕೋಲು ತರುವ ಸುದ್ದಿ

ನಮ್ಮ ಮನೆಯವರು ಜಾರಿ ಕುಳಿತ ಜಾಗ ಅಂಥ ಭಯಂಕರದ್ದೇನೂ ಅಲ್ಲ. ಬಾದಾಮಿಯಿಂದ ಸಿಡ್ಲಫಡಿ ಎಂಬ ಕಲ್ಲಿನ ಸೂರಿಗೆ ಹೋಗುವ ಕಾಲುದಾರಿಯಲ್ಲಿ ಒಂದು ಚಪ್ಪಟೆ ಬಂಡೆ. ಅದರಾಚೆ ಮೊಣಕಾಲೆತ್ತರವೂ ಇಲ್ಲದ ಒಂದು ಇಳಿತ. ಹತ್ತು ವರ್ಷದ ಮೊಮ್ಮಗ ಅದನ್ನು ಜಿಗಿದು ಹೋಗಿದ್ದ. ಮಗಳು, ಅಳಿಯ ಮಾತಾಡುತ್ತಲೇ ಇಳಿದಿದ್ದರು. ಇವರು ಕಾಲು ಕೆಳಗಿಟ್ಟರು. ನೆಲ ಇರಬೇಕಾದ ಕಡೆ ನೆಲ ಸಿಗಲಿಲ್ಲ. ದೊಪ್ಪನೆ ಬಂಡೆಯ ಮೇಲೆ ಕುಳಿತುಬಿಟ್ಟರು.

ಪೆಟ್ಟೇನೂ ಆಗಲಿಲ್ಲ. ಆದರೆ ಮುಖ ಸಣ್ಣದಾಯಿತು. “ಕಾಲಾಗ ಶಕ್ತಿ ಉಳಿದಿಲ್ಲ ನೋಡು, ವಯಸ್ಸಾತು,” ಅಂದರು.

ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಅರವತ್ತೇಳರ ಈ ಮನುಷ್ಯ ವಿಜಯಪುರದಲ್ಲಿ ದಿನಾ ಬೆಳಿಗ್ಗೆ ಗೋಳಗುಮ್ಮಟದ ಕಡೆ ಒಂದು ತಾಸು ನಡೆಯುತ್ತಾರೆ. ತುಂಬಿದ ಸಿಲಿಂಡರನ್ನು ಒಬ್ಬರೇ ಅಡುಗೆಮನೆಗೆ ತರುತ್ತಾರೆ. ಶಕ್ತಿ ಸಾಲದಿದ್ದರೆ ಮೊಣಕಾಲು ಕುಸಿಯಬೇಕಿತ್ತು. ಕುಸಿಯಲಿಲ್ಲ. ನೆಲ ಎಷ್ಟು ಆಳದಲ್ಲಿದೆ ಎಂಬ ಲೆಕ್ಕ ತಪ್ಪಿತು, ಅಷ್ಟೇ. ಪಿಯು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು ನಾನು. ತಪ್ಪಿದ ಲೆಕ್ಕ ಕಂಡರೆ ಎಲ್ಲಿ ತಪ್ಪಿತು ಅಂತ ಹುಡುಕದೆ ಬಿಡುವ ಅಭ್ಯಾಸವಿಲ್ಲ.

ಅದು ಡಿಸೆಂಬರ್. ಗುಡ್ಡದ ಬುಡದಲ್ಲಿ ಪರಿಚಯದವರ ಹೊಲ. ಅಲ್ಲಿ ಎರಡು ಟೆಂಟ್ ಹೊಡೆದು ಎರಡು ರಾತ್ರಿ ಇರುವುದು ಮಗಳ ಯೋಜನೆ. ಗುಹೆ, ಗುಡಿಗಳ ಹತ್ತಿರ ಹಾಗೆಲ್ಲ ಟೆಂಟ್ ಹಾಕುವಂತಿಲ್ಲ, ಹಾಕಲೂಬಾರದು. ಅಳಿಯ ನಮ್ಮಿಬ್ಬರಿಗಾಗಿ ಆನ್‌ಲೈನಿನಲ್ಲಿ ಟ್ರೆಕ್ಕಿಂಗ್ ಕೋಲು ತರಿಸಿದ್ದ. ಇವರು ಅದನ್ನು ಮುಟ್ಟಲೇ ಇಲ್ಲ. ಕೋಲು ಹಿಡಿದರೆ ಮುದುಕನಾದಂತೆ, ಅಲ್ವಾ!

ನಾವು ನೆಟ್ಟಗೆ ನಿಂತಿರುವುದು ಮೂರು ಕಡೆಯಿಂದ ಬರುವ ಸುದ್ದಿಯ ಮೇಲೆ. ಒಂದು ಕಣ್ಣು. ಎರಡನೆಯದು ಒಳಗಿವಿ. ಅಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟಿನ, ಅಂದರೆ ಸುಣ್ಣದಕಲ್ಲಿನ ಜಾತಿಯದೇ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿವೆ. ತಲೆ ವಾಲಿದರೆ ಅವು ಜರುಗುತ್ತವೆ. ಕೆಳಗಿರುವ ಕೂದಲಿನಂಥ ಎಳೆಗಳು ಬಾಗುತ್ತವೆ. ಯಾವ ಕಡೆ ವಾಲಿದೆವು ಎಂದು ಮಿದುಳಿಗೆ ತಿಳಿಯುತ್ತದೆ. ಮೂರನೆಯದು ಅಂಗಾಲು, ಕೀಲು, ಸ್ನಾಯುಗಳು. ಕತ್ತಲಲ್ಲೂ ನಿಮ್ಮ ಪಾದ ಎಲ್ಲಿದೆ ಅಂತ ನಿಮಗೆ ಗೊತ್ತಿರುತ್ತದಲ್ಲ, ಅದು ಈ ಮೂರನೆಯವರ ಕೆಲಸ.

ವಯಸ್ಸಾದಂತೆ ಮೂರೂ ಕಡೆಯ ಸುದ್ದಿ ಮಸುಕಾಗುತ್ತದೆ. ಕಣ್ಣಿನ ಮಸೂರ ಗಡುಸಾಗಿ ಹಳದಿಗೆ ತಿರುಗುತ್ತದೆ. ಒಳಗಿವಿಯ ಎಳೆಗಳು ಉದುರುತ್ತವೆ, ಮತ್ತೆ ಬೆಳೆಯುವುದಿಲ್ಲ ಎಂದೇ ಹೇಳಬೇಕು. ಅಂಗಾಲಿಗೆ ಸಣ್ಣ ಅದುರು ಗೊತ್ತಾಗುವುದು ಕಡಿಮೆಯಾಗುತ್ತದೆ. ಸ್ನಾಯುವೂ ಕರಗುತ್ತದೆ, ಸುಳ್ಳಲ್ಲ. ಅದರಲ್ಲೂ ಚಕ್ಕನೆ ಕೆಲಸ ಮಾಡುವ ಎಳೆಗಳೇ ಜಾಸ್ತಿ ಸೊರಗುತ್ತವೆ. ಎಡವಿದ ಮೇಲೆ ಸಾವರಿಸಿಕೊಳ್ಳಲು ನಮಗೆ ಸಿಗುವುದು ಒಂದು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಸುದ್ದಿ ಬರಬೇಕು, ತೀರ್ಮಾನ ಆಗಬೇಕು, ಕಾಲು ಮುಂದೆ ಬೀಳಬೇಕು. ಸುದ್ದಿಯೇ ತಡವಾದರೆ ಗಟ್ಟಿ ಕಾಲಿದ್ದೂ ಏನು ಮಾಡುವುದು?

ಇವರ ವಿಷಯದಲ್ಲಿ ಸುದ್ದಿ ಕೆಡಿಸಿದ್ದು ಕನ್ನಡಕ. ಅದು ಎರಡು ಥರದ ನೋಟ ಇರುವ ಕನ್ನಡಕ. ಮೇಲೆ ದೂರಕ್ಕೆ, ಕೆಳಗೆ ಪೇಪರ್ ಓದುವುದಕ್ಕೆ. ಓದುವ ಭಾಗ ಸರಿಯಾಗಿ ತೋರಿಸುವುದು ಒಂದೂವರೆ ಅಡಿ ದೂರವನ್ನು. ಕಾಲು ಇರುವುದು ಕಣ್ಣಿನಿಂದ ಐದಡಿ ದೂರ. ತಲೆ ಬಗ್ಗಿಸದೆ ಬರೀ ಕಣ್ಣು ಕೆಳಗೆ ಮಾಡಿದರೆ ನೋಟ ಹಾದುಹೋಗುವುದು ಓದುವ ಗಾಜಿನ ಮೂಲಕ. ಬಂಡೆಯ ಅಂಚು ಮಂಜಾಗುತ್ತದೆ. ಕೆಂಪು ಬಂಡೆ, ಕೆಳಗೆ ಅದೇ ಬಣ್ಣದ ಮಣ್ಣು. ಅಂಚು ಎಲ್ಲಿ ಮುಗಿಯಿತು ಅಂತ ಒಳ್ಳೆಯ ಕಣ್ಣಿಗೂ ಗೊತ್ತಾಗುವುದು ಕಷ್ಟ.

ಇದು ನನ್ನ ಊಹೆ ಅಲ್ಲ. ಆಸ್ಟ್ರೇಲಿಯಾದ ಸಂಶೋಧಕರು 2002ರಲ್ಲಿ ಇದನ್ನೇ ಕಂಡರು. ಇಂಥ ಕನ್ನಡಕ ಹಾಕುವ ಹಿರಿಯರು ಮೆಟ್ಟಿಲ ಮೇಲೆ, ಮನೆಯ ಹೊರಗೆ ಜಾಸ್ತಿ ಬೀಳುತ್ತಾರೆ. ಹಾಗಾದರೆ ಹೊರಗೆ ಹೋಗುವಾಗ ದೂರದ ಕನ್ನಡಕವನ್ನಷ್ಟೇ ಕೊಟ್ಟರೆ? ಅಲ್ಲಿನವರೇ ಅದನ್ನೂ ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದರು. ಹೊರಗೆ ಓಡಾಡುವ ರೂಢಿ ಇದ್ದವರಿಗೆ ಲಾಭವಾಯಿತು. ಮನೆಯಲ್ಲೇ ಕೂರುವವರು ಮಾತ್ರ ಹೊರಗೆ ಹೋದಾಗ ಮೊದಲಿಗಿಂತ ಜಾಸ್ತಿ ಬಿದ್ದರು! ಒಂದೇ ಮದ್ದು ಎಲ್ಲರಿಗೂ ಆಗುವುದಿಲ್ಲ. ಇವರು ಓಡಾಡುವ ಜಾತಿ. ಆವತ್ತಿನ ಮಟ್ಟಿಗೆ ನಾನು ಹೇಳಿದ್ದು ಇಷ್ಟು: ಕಣ್ಣು ಬಗ್ಗಿಸಬೇಡಿ, ಗದ್ದ ಎದೆಗೆ ತಾಗುವಂತೆ ತಲೆಯನ್ನೇ ಬಗ್ಗಿಸಿ.

ನನ್ನದೂ ಒಂದು ತೊಂದರೆ ಇತ್ತು, ಅದನ್ನು ಮುಚ್ಚಿಡಬಾರದು. ಸೀರೆ. ಇಳಿಯುವಾಗ ನೆರಿಗೆ ಮುಂದೆ ಉಬ್ಬಿ ಪಾದವೇ ಕಾಣುವುದಿಲ್ಲ. ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಇದಕ್ಕೆ ಎಂದೋ ಉಪಾಯ ಕಂಡುಕೊಂಡಿದ್ದಾರೆ. ನಾನೂ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಮಗಳು ಫೋಟೋ ತೆಗೆದಳು. ತೆಗೆಯಲಿ.

ಕಾಲ ಕೆಳಗೆ ನೋಡಬೇಕೋ, ಮುಂದೆ ನೋಡಬೇಕೋ? ಇವರು ಬಿದ್ದ ಮೇಲೆ ತಮ್ಮ ಹೆಬ್ಬೆರಳನ್ನೇ ದಿಟ್ಟಿಸುತ್ತ ನಡೆಯತೊಡಗಿದರು. ಅದೂ ತಪ್ಪು. ನಡಿಗೆ ಎಂದರೆ ತಲೆಕೆಳಗಾದ ಲೋಲಕ. ಪಾದ ಊರಿದ ಜಾಗವೇ ಬುಡ, ಮೈ ಅದರ ಮೇಲೆ ಮುಂದಕ್ಕೆ ವಾಲುತ್ತದೆ. ಈಗ ಇಟ್ಟ ಹೆಜ್ಜೆ ಮುಂದಿನ ಹೆಜ್ಜೆಯ ದಿಕ್ಕನ್ನು ಆಗಲೇ ಅರ್ಧ ನಿರ್ಧಾರ ಮಾಡಿಬಿಟ್ಟಿರುತ್ತದೆ. ಕಾಲು ಗಾಳಿಯಲ್ಲಿದ್ದಾಗ ಕಲ್ಲು ಕಂಡರೆ ತಿದ್ದಲು ಹೊತ್ತಿರುವುದಿಲ್ಲ. ಕಲ್ಲುದಾರಿಯಲ್ಲಿ ನಡೆಯುವವರ ಕಣ್ಣಿನ ಚಲನೆಯನ್ನು ಕ್ಯಾಮೆರಾ ಕಟ್ಟಿ ಅಳೆದ ಒಂದು ಅಧ್ಯಯನ 2018ರಲ್ಲಿ ಬಂತು. ಅವರೆಲ್ಲ ಹೆಚ್ಚಾಗಿ ನೋಡುತ್ತಿದ್ದುದು ಎರಡು ಹೆಜ್ಜೆ ಮುಂದಿನ ಜಾಗವನ್ನು. ಮೊಮ್ಮಗನಿಗೆ ಇದು ಆಟವಾಯಿತು. “ಅಜ್ಜಾ, ಎರಡ ಕಲ್ಲ ಮುಂದ ನೋಡು!” ಅಂತ ದಾರಿಯುದ್ದಕ್ಕೂ ಕೂಗುತ್ತ ಹೋದ.

ಕೂಗಿದ್ದು ಅಷ್ಟೇನೂ ಒಳ್ಳೆಯದಾಗಲಿಲ್ಲ ಅನ್ನಿ. ಇವರು ಅವನಿಗೆ ಉತ್ತರ ಕೊಡಲು ಪ್ರತಿ ಸಲ ನಿಲ್ಲುತ್ತಿದ್ದರು. ಸ್ವೀಡನ್ನಿನ ಸಂಶೋಧಕರು 1997ರಲ್ಲಿ ಒಂದು ಸರಳ ಸಂಗತಿ ಬರೆದರು. ಮಾತು ಶುರುವಾದ ತಕ್ಷಣ ನಡೆಯುವುದನ್ನು ನಿಲ್ಲಿಸುವ ಹಿರಿಯರು ಮುಂದೆ ಬೀಳುವ ಸಾಧ್ಯತೆ ಜಾಸ್ತಿ. ಎಳೆಯರಿಗೆ ನಡಿಗೆ ತಾನಾಗಿ ನಡೆಯುವ ಕೆಲಸ. ನಮಗೆ ಅದಕ್ಕೂ ಗಮನ ಕೊಡಬೇಕು. ಆದ್ದರಿಂದ ನಿಂತು ಮಾತಾಡುವುದು ಅವಮಾನವಲ್ಲ. ನಿಲ್ಲದೆ ಮಾತಾಡುವುದೇ ಅಪಾಯ. ಕಷ್ಟದ ಜಾಗ ಬಂದರೆ ಎಲ್ಲರೂ ಬಾಯಿ ಮುಚ್ಚಬೇಕು ಅಂತ ಕಾನೂನು ಮಾಡಿದೆವು. ನಮ್ಮ ಮನೆಯಲ್ಲಿ ಅಂಥ ಮೌನ ಹಿಂದೆಂದೂ ಇರಲಿಲ್ಲ.

ಬಾದಾಮಿಯ ಕಲ್ಲು ಮರಳುಗಲ್ಲು. ಡೈನೋಸಾರ್‌ಗಳಿಗಿಂತ ಎಷ್ಟೋ ಹಿಂದೆ ನೀರು ತಂದು ಹಾಸಿದ ಮರಳು ಒತ್ತಿ ಒತ್ತಿ ಕಲ್ಲಾಗಿದೆ. ಚಾಲುಕ್ಯರು 6ನೆಯ ಶತಮಾನದಲ್ಲಿ ಗುಹೆ ಕೊರೆದದ್ದು ಇದರಲ್ಲೇ. ಒಣಗಿದ ಬೋಳು ಬಂಡೆ ಉಪ್ಪುಕಾಗದದಂತೆ ಕಾಲನ್ನು ಹಿಡಿಯುತ್ತದೆ. ಬಂಡೆ ಹತ್ತುವ ಹುಡುಗರು ಎಲ್ಲೆಲ್ಲಿಂದಲೋ ಇಲ್ಲಿಗೆ ಬರುತ್ತಾರೆ. ಆದರೆ ಅದೇ ಕಲ್ಲು ಬಿಸಿಲು ಮಳೆಗೆ ಸವೆದು ಮತ್ತೆ ಮರಳಾಗಿ ತನ್ನ ಮೇಲೆಯೇ ಕೂತಿರುತ್ತದೆ. ಗಚ್ಚಿನ ನೆಲದ ಮೇಲೆ ಜೋಳ ಚೆಲ್ಲಿ ನಡೆದು ನೋಡಿ, ಗೊತ್ತಾಗುತ್ತದೆ. ಪಾದ ಮತ್ತು ಬಂಡೆ ಒಂದಕ್ಕೊಂದು ಉಜ್ಜುವುದಿಲ್ಲ, ನಡುವಿನ ಕಾಳು ಉರುಳುತ್ತದೆ. ಉರುಳುವ ವಸ್ತುವಿಗೆ ತಡೆ ಬಹಳ ಕಡಿಮೆ. ಬೋಳು ಬಂಡೆ ಕಡಿದಾಗಿದ್ದರೂ ವಾಸಿ, ಮರಳು ಹರಡಿದ ಸಪಾಟು ಬಂಡೆ ನಂಬಬೇಡಿ.

ನಮ್ಮೆದುರು ಒಬ್ಬ ಕುರಿಗಾಹಿ ಗುಡ್ಡ ಇಳಿದು ಬಂದ. ವಯಸ್ಸು ನಮಗಿಂತ ಜಾಸ್ತಿಯೇ ಇದ್ದೀತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ. ನಾನು ಅವನ ಬಡಿಗೆಯನ್ನೇ ನೋಡುತ್ತ ನಿಂತೆ. ಅವನು ಅದರ ಮೇಲೆ ಭಾರವನ್ನೇ ಹಾಕುತ್ತಿರಲಿಲ್ಲ. ಮುಂದಿನ ಕಲ್ಲನ್ನು ಸುಮ್ನೆ ಮುಟ್ಟುತ್ತಿದ್ದ, ಆಮೇಲೆ ಕಾಲಿಡುತ್ತಿದ್ದ. ಟಕ್ ಅಂದರೆ ಗಟ್ಟಿ ಬಂಡೆ. ಕರ್ ಅಂದರೆ ಮರಳು. ಲಟಕ್ ಅಂದರೆ ಅಲುಗಾಡುವ ಕಲ್ಲು. ಪೆನ್ನಿನಲ್ಲಿ ಬರೆಯುವಾಗ ಕಾಗದದ ಒರಟು ನಮಗೆ ಗೊತ್ತಾಗುವುದು ನಿಬ್ಬಿನ ತುದಿಯಲ್ಲಿ. ಕಣ್ಣು ಕಾಣದವರಿಗೆ ರಸ್ತೆ ಗೊತ್ತಾಗುವುದು ಕೋಲಿನ ತುದಿಯಲ್ಲಿ. ಮಿದುಳು ಕೋಲನ್ನು ಕೈಯ ಮುಂದುವರಿಕೆ ಎಂದೇ ಬಗೆಯುತ್ತದೆ.

ಇದಕ್ಕೆ ಪ್ರಯೋಗದ ಬೆಂಬಲವೂ ಇದೆ, ನನಗೆ ಬಹಳ ಇಷ್ಟವಾದ ಪ್ರಯೋಗ ಅದು. ಅಮೆರಿಕದಲ್ಲಿ 1994ರಲ್ಲಿ ನಡೆದದ್ದು. ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಂತರೆ ಯಾರೇ ಆದರೂ ತೂಗಾಡುತ್ತಾರೆ. ಅವರಿಗೆ ಪಕ್ಕದ ಸ್ಥಿರವಾದ ವಸ್ತುವೊಂದನ್ನು ಒಂದೇ ಬೆರಳಿನಿಂದ ಮುಟ್ಟಲು ಹೇಳಿದರು. ಒತ್ತುವಂತಿಲ್ಲ. ಒಂದು ನ್ಯೂಟನ್‌ಗಿಂತ ಕಡಿಮೆ ಬಲ, ಅಂದರೆ ಎರಡು ನಿಂಬೆಹಣ್ಣಿನ ತೂಕದಷ್ಟು. ಅಷ್ಟು ಬಲ ಯಾರನ್ನೂ ಎತ್ತಿ ನಿಲ್ಲಿಸಲಾರದು. ಆದರೂ ತೂಗಾಟ ಬಹಳ ಕಡಿಮೆಯಾಯಿತು. ಬೆರಳು ಆಸರೆ ಕೊಡಲಿಲ್ಲ. ಮೈ ಎತ್ತ ವಾಲುತ್ತಿದೆ ಎಂಬ ಸುದ್ದಿ ಕೊಟ್ಟಿತು.

ಇದನ್ನು ಓದಿದ ಮೇಲೆ ಮೊಮ್ಮಕ್ಕಳ ಕೈ ಹಿಡಿಯುವ ರೀತಿಯೇ ಬದಲಾಯಿತು. ಕಷ್ಟದ ಜಾಗದಲ್ಲಿ ಅಳಿಯ ಓಡಿಬಂದು ರಟ್ಟೆ ಹಿಡಿದು ಎಳೆಯುತ್ತಾನೆ, ಪ್ರೀತಿಯಿಂದಲೇ. ಎಳೆದರೆ ನನ್ನ ಲೆಕ್ಕ ಇನ್ನೂ ಕೆಡುತ್ತದೆ. ನನಗೆ ಬೇಕಾದದ್ದು ಮುಟ್ಟಲು ಒಂದು ಹೆಗಲು. ಹುಡುಗನ ಹೆಗಲ ಮೇಲೆ ಎರಡು ಬೆರಳಿಟ್ಟು ಇಡೀ ಇಳಿಜಾರು ಇಳಿದೆ. “ಆಯಿ, ನೀ ಹಿಡದೇ ಇಲ್ಲಲ್ಲ!” ಅಂತ ಅವನಿಗೆ ಆಶ್ಚರ್ಯ.

ಇವರೂ ಅಳಿಯ ತಂದ ಕೋಲು ಮುಟ್ಟಲಿಲ್ಲ, ಹೊಲದ ಮಾಲೀಕರ ಹತ್ತಿರ ಒಂದು ಬಡಿಗೆ ಕೇಳಿ ಪಡೆದರು. ಬಡಿಗೆ ಗಂಡಸಿನ ವಸ್ತು ಅಂತೆ. ಇರಲಿ.

ಮೊಣಕಾಲಿನ ಬಗ್ಗೆಯೂ ಎರಡು ಮಾತು. ಕೃತಕ ಮೊಣಕಾಲಿನೊಳಗೇ ಬಲ ಅಳೆಯುವ ಉಪಕರಣ ಕೂರಿಸಿ ಜರ್ಮನಿಯಲ್ಲಿ ಅಳತೆ ಮಾಡಿದ್ದಾರೆ. ಸಮನೆಲದಲ್ಲಿ ನಡೆದರೆ ಕೀಲಿನ ಮೇಲೆ ಬೀಳುವುದು ಮೈತೂಕದ ಸುಮಾರು ಎರಡೂವರೆ ಪಟ್ಟು. ಮೆಟ್ಟಿಲು ಇಳಿದರೆ ಸುಮಾರು ಮೂರೂವರೆ ಪಟ್ಟು. ಅರವತ್ತು ಕಿಲೋ ತೂಗುವ ನನ್ನ ಒಂದೊಂದು ಮೊಣಕಾಲು ಪ್ರತಿ ಇಳಿತಕ್ಕೂ ಎರಡು ಕ್ವಿಂಟಲ್ ಜೋಳ ಹೊತ್ತಂತೆ! ಮೆಟ್ಟಿಲು ಎತ್ತರವಾದರೆ ಕೂತು, ಕೈಯೂರಿ, ಜಾರಿ ಇಳಿಯುವುದೇ ಲೇಸು. ಮೈಯ ಭಾರದ ಕೇಂದ್ರ ನೆಲಕ್ಕೆ ಹತ್ತಿರ ಬರುತ್ತದೆ, ಬಿದ್ದರೂ ಬೀಳುವ ದೂರ ಕಡಿಮೆ. ಸೀರೆ ಕೆಂಪಾಗುತ್ತದೆ, ಒಗೆದರೆ ಹೋಗುತ್ತದೆ.

ಊಟಕ್ಕೆ ಕೂತಾಗ, ರೊಟ್ಟಿ ಶೇಂಗಾ ಹಿಂಡಿ ಬಿಚ್ಚುತ್ತ, ಮಗಳು ಮುಂದಿನ ಸಲ ಖಾನಾಪುರದ ಕಾಡಿಗೆ ಹೋಗೋಣ ಅಂದಳು. ಅಲ್ಲಿ ತೊಡಕು ಬೇರೆ. ಹಳ್ಳ ದಾಟಬೇಕು. ಹರಿಯುವ ನೀರಿನ ಒತ್ತು ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮೊಣಕಾಲು ಮುಳುಗುವಷ್ಟು ನೀರು ಸೆಕೆಂಡಿಗೆ ಒಂದು ಮೀಟರ್ ಹರಿದರೆ ಎರಡೂ ಕಾಲಿಗೆ ಸೇರಿ ಸುಮಾರು ಆರು ಕಿಲೋ ತಳ್ಳಿದಂತೆ. ಎರಡು ಮೀಟರ್ ಹರಿದರೆ ಹನ್ನೆರಡಲ್ಲ, ಇಪ್ಪತ್ನಾಲ್ಕು. ಜೊತೆಗೆ ನೀರು ನಮ್ಮನ್ನು ಹಗುರ ಮಾಡುತ್ತದೆ, ಅಂಗಾಲಿನ ಹಿಡಿತವೂ ತಗ್ಗುತ್ತದೆ. ಮಳೆಗಾಲದಲ್ಲಿ ಅಲ್ಲಿಗೆ ನಾನಂತೂ ಬರುವುದಿಲ್ಲ ಅಂದೆ.

ಸಿಡ್ಲಫಡಿ ಸೇರಿದೆವು. ಸಿಡಿಲು ಹೊಡೆದು ತೂತಾದಂತಿರುವ ಆ ದೊಡ್ಡ ಕಲ್ಲಿನ ಸೂರು, ಆದಿಮಾನವರು ಬಿಡಿಸಿದ ಚಿತ್ರ, ಎಲ್ಲ ನೋಡಿದೆವು. ಮತ್ತೆ ಯಾರೂ ಬೀಳದೆ ವಾಪಸ್ ಬಂದೆವು. ನನಗೆ ಸ್ವಲ್ಪ ಜಂಬವೂ ಬಂತು.

ಅದೇ ರಾತ್ರಿ ನಾನು ಬಿದ್ದೆ. ಬಂಡೆ ಇಲ್ಲ, ಇಳಿತ ಇಲ್ಲ. ಟೆಂಟಿನ ಹಗ್ಗಕ್ಕೆ ಕಾಲು ಸಿಕ್ಕಿಸಿಕೊಂಡು, ಉತ್ತ ಮಣ್ಣಿನ ಮೇಲೆ ಅಂಗೈಯೂರಿ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರರಲ್ಲಿ ಒಂದು ಪಾಲು ಮಾತ್ರ. ಉತ್ತ ಹೊಲ ಮೆತ್ತಗೆ, ಅಂಗಾಲಿಗೂ ಸರಿಯಾದ ಸುದ್ದಿ ಇಲ್ಲ. ನಿದ್ದೆಯಿಂದ ತಟ್ಟನೆ ಎದ್ದಾಗ ರಕ್ತದೊತ್ತಡ ಬೇರೆ ಇಳಿದಿರುತ್ತದೆ. ಕುಳಿತು ಒಂದೆರಡು ನಿಮಿಷ ಬಿಟ್ಟು ಏಳಬೇಕಿತ್ತು. ಹಣೆಗೆ ಕಟ್ಟುವ ಬ್ಯಾಟರಿ ಹಾಕಿದ್ದೆ, ಆದರೂ ಹಗ್ಗ ಕಾಣಲಿಲ್ಲ. ಯಾಕೆ ಅಂತ ಮಲಗಿದ ಮೇಲೆ ಹೊಳೆಯಿತು. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಟರೆ ವಸ್ತುವಿನ ನೆರಳು ವಸ್ತುವಿನ ಹಿಂದೆಯೇ ಅಡಗುತ್ತದೆ. ನೆರಳಿಲ್ಲದ ಕಲ್ಲು ನೆಲದಂತೆಯೇ ಕಾಣುತ್ತದೆ. ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ಮೊಣಕಾಲಿನ ಮಟ್ಟಕ್ಕೆ ಇಳಿಸಿದರೆ ಸಣ್ಣ ಕಲ್ಲಿಗೂ ಗೇಣುದ್ದ ನೆರಳು ಬರುತ್ತದೆ. ಇಷ್ಟು ವರ್ಷ ನೆರಳಿನ ಪಾಠ ಮಾಡಿದವಳಿಗೆ ಇದು ಬಿದ್ದ ಮೇಲೆ ತಿಳಿಯಬೇಕೆ?

ಬೆಳಿಗ್ಗೆ ಮೊಮ್ಮಗ ಅಜ್ಜನ ಹಳೆಯ ಬಿಳಿ ಪಂಚೆ ಹರಿದು ಎಲ್ಲ ಹಗ್ಗಕ್ಕೂ ಚಿಂದಿ ಕಟ್ಟಿದ. ಜಾತ್ರೆಯ ತೇರಿನಂತೆ ಕಾಣುತ್ತಿತ್ತು ಟೆಂಟ್. ಎರಡನೆಯ ರಾತ್ರಿ ಇವರು ಹೊರಗೆ ಹೋದಾಗ ನನಗೆ ಎಚ್ಚರವಾಯಿತು. ಟೆಂಟಿನ ಬಟ್ಟೆಯಾಚೆ ನೆಲದ ಹತ್ತಿರವೇ ತೂಗುವ ಒಂದು ಬೆಳಕು, ಅದರ ಜೊತೆ ಬಡಿಗೆಯ ಸದ್ದು. ಹಗ್ಗದ ಹತ್ತಿರ ಸದ್ದು ನಿಂತಿತು. ಹಗ್ಗ ಒಮ್ಮೆ ಸಣ್ಣಗೆ ಅಲುಗಿತು. ಆಮೇಲೆ ಟಕ್, ಟಕ್ ಅಂತ ಬದುವಿನ ಕಡೆ ಹೋಯಿತು.